ಡೇರೆಗೆ ಹಚ್ಚಿದ ಹುಣಸೆಬೀಜದ ಗಂಜಿ

ಮದುವೆಯಾದ ಮೇಲೆ ನಾನು ಸಂಸಾರ ಹೂಡಿದ ಮೊದಲ ಮನೆಗೆ ಗೋಡೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಗಂಡನದು ಕಾಲುವೆ ಸರ್ವೆ ಕೆಲಸ. ಕೆಲಸ ಸರಿದಲ್ಲಿಗೆ ಡೇರೆಯೂ ಸರಿಯಬೇಕು. ಜೊತೆಯವರೆಲ್ಲ ಹೆಂಡಿರನ್ನು ರಾಯಚೂರಿನಲ್ಲಿ ಬಿಟ್ಟು ಬರುತ್ತಿದ್ದರು. ನಾನು ಮಾತ್ರ ಬೆನ್ನು ಹತ್ತಿ ಹೊರಟೆ. ಮೊದಲ ವರ್ಷವಿಡೀ ಊರಲ್ಲಿ ಕೂತು, ಆಗೊಮ್ಮೆ ಈಗೊಮ್ಮೆ ಬರುವ ಗಂಡನ ದಾರಿ ಕಾದಿದ್ದೆ. ಅಷ್ಟು ಕಾದದ್ದು ಸಾಕಾಗಿತ್ತು.

ಮಾನ್ವಿಯ ಹತ್ತಿರ ಗದ್ದೆಗಳ ನಡುವೆ ಹಾಕಿದ್ದ ಡೇರೆ ನಮ್ಮನ್ನು ಚೆನ್ನಾಗಿಯೇ ಗೋಳು ಹೊಯ್ದುಕೊಂಡಿತು. ಅದು ಕಚೇರಿಯ ಹಳೆಯ ಡೇರೆ. ಹಸಿ ಇದ್ದಾಗಲೇ ಯಾರೋ ಸುತ್ತಿಟ್ಟಿದ್ದರು. ಮಡಿಕೆ ಮಡಿಕೆಗೂ ಕರಿ ಬೂಷ್ಟು ಹಿಡಿದು ಬಟ್ಟೆ ಕೊಳೆತಿತ್ತು. ಮೊದಲ ದೊಡ್ಡ ಮಳೆಗೇ ಜರಡಿಯಂತೆ ಸೋರಿತು. ನನಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಸುದ್ದಿ ಕೇಳಿ ಚಂದ್ರಬಂಡದಿಂದ ನಮ್ಮ ಅತ್ತೆ ಓಡಿ ಬಂದರು. ಕುರಿ ಸಾಕುವ ಮನೆತನದ ಹೆಣ್ಣುಮಗಳು, ಮಾತು ಖಡಕ್.

"ಮಳಿ ಬಂದ್ರ ಕೇಡಲ್ಲ, ಮಗ ಉಂಡ್ರ ಕೇಡಲ್ಲ ಅಂತಾರ, ಖರೆ," ಅಂದರು. "ಆ ಮಾತು ಮಾಳಿಗಿ ಮನ್ಯಾಗ ಇದ್ದೋರಿಗೆ. ಅರಿವಿ ಮನ್ಯಾಗ ಇದ್ದೋರಿಗಲ್ಲ."

ನನ್ನನ್ನು ಊರಿಗೆ ಕರೆದೊಯ್ಯಲು ನಿಂತರು. ನಾನು ಅತ್ತು ಕರೆದು ಹಠ ಮಾಡಿದೆ. ಕೊನೆಗೆ ಅತ್ತೆ ಒಂದು ಕರಾರಿಗೆ ಬಂದರು. ಹೊಸ ಡೇರೆ ತರಬೇಕು. ಮುಂದಿನ ಉತ್ತರಿ ನಕ್ಷತ್ರದ ಮಳೆಯಲ್ಲಿ ಅವರೇ ಬಂದು ನೋಡುತ್ತಾರೆ. "ಹಾಸಿಗಿ ಮ್ಯಾಲ ಒಂದು ಹನಿ ಬಿದ್ರೂ ಸೊಸಿನ್ನ ಕರಕೊಂಡು ಹೋಗಾಕಿ ನಾನು. ಆಮ್ಯಾಲ ಅಳಬ್ಯಾಡ್ರಿ."

ಹೊಸ ಡೇರೆಗೆ ಕಚೇರಿ ಹೇಗೋ ಒಪ್ಪಿತು. ಆರಿಸಿ ತರಲು ಗಂಡನ ಜೊತೆ ನಾನೂ ರಾಯಚೂರಿನ ಬಜಾರಕ್ಕೆ ಹೋದೆ. ಅಂಗಡಿಯ ಸಾಹೇಬರು ತಮ್ಮ ಮನೆಯವರೊಂದಿಗೆ ದಖ್ಖನಿ ಉರ್ದುವಿನಲ್ಲಿ, ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡುತ್ತ ಡೇರೆ ಬಿಚ್ಚಿ ತೋರಿಸಿದರು. ನನಗೆ ಹುಟ್ಟಿನಿಂದ "ಯಾಕೆ" ಎಂಬ ರೋಗ. ಕ್ಯಾನ್ವಾಸನ್ನು ಬಿಸಿಲಿಗೆ ಎತ್ತಿ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬರುತ್ತಿತ್ತು. ಬೆಳಕು ಬರುವಲ್ಲಿ ನೀರು ಯಾಕೆ ಬರಬಾರದು?

ಅವರು ನಕ್ಕು, ಬಟ್ಟೆಯ ಮೂಲೆಯನ್ನು ದೊನ್ನೆಯಂತೆ ಮಡಚಿ ಹೂಜಿಯ ನೀರು ಸುರಿದರು. ಮೊದಲು ಕೆಳಗೆ ಬೆವರಿದಂತಾಯಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

"ನೋಡು ಬೇಟಿ, ನೂಲು ನೀರು ಕುಡದು ಉಬ್ಬತದ. ಉಬ್ಬಿದ್ರ ತೂತು ತಾನೇ ಮುಚ್ಚತದ. ಅದಕ್ಕ ಮಳಿಗಾಲಕ್ಕ ಮೊದಲ ಎರಡು ಸಲ ಪೂರಾ ತೋಯಿಸಿ ಒಣಗಿಸು. ಸಾಬೂನು ಹಚ್ಚಬ್ಯಾಡ. ಮಳಿ ಹೊಡಿಯೋವಾಗ ಒಳಗಿಂದ ಮುಟ್ಟಬ್ಯಾಡ. ಮುಟ್ಟಿದ್ರ ಅಲ್ಲೇ ಸೋರತದ."

ಬಟ್ಟೆ ತಾನು ನೆನೆದು ನಮ್ಮನ್ನು ನೆನೆಯದಂತೆ ಕಾಯುತ್ತದೆ ಎಂಬ ಮಾತು ನನಗೆ ಬಹಳ ಹಿಡಿಸಿತು. ಮೂರು ಅಂಗಡಿ ನೋಡೋಣ ಎಂದುಕೊಂಡಿದ್ದವರು ಅಲ್ಲೇ ಆರಿಸಿದೆವು. ಹೊಲಿಗೆ ಜೋಡಿಯಾಗಿದೆಯೇ, ಹಗ್ಗ ಕಟ್ಟುವ ಮೂಲೆಗಳಿಗೆ ಚರ್ಮದ ತುಂಡು ಇದೆಯೇ, ಮೇಲೆ ಎರಡನೆಯ ಹೊದಿಕೆ ಇದೆಯೇ, ಎಲ್ಲ ನೋಡಿದೆ. ನನ್ನ ಗಂಡ ಹೆಣ್ಣು ನೋಡಲು ಬಂದಾಗಲೂ ಅಷ್ಟು ನೋಡಿರಲಿಲ್ಲ.

ದೇವದುರ್ಗ ತಾಲೂಕಿನ ಅರಕೇರಾ ಕಡೆ ಕ್ಯಾಂಪ್ ಬಿತ್ತು. ಅಲ್ಲಿಗೆ ಹೊರಡುವಾಗ ಅತ್ತೆ ನನ್ನ ಕೈಗೆ ಒಂದು ಗಂಟು ಕೊಟ್ಟರು. ಹುಣಸೆಬೀಜ ಹುರಿದು ಬೀಸಿದ ಹಿಟ್ಟು. ನಮ್ಮಲ್ಲಿ ಕಂಬಳಿ ನೇಯ್ದ ಮೇಲೆ ಅದರ ಗಂಜಿ ಕುದಿಸಿ ಹಚ್ಚುತ್ತಾರೆ. ಕಂಬಳಿ ತಗಡಿನಂತೆ ಬಿರುಸಾಗುತ್ತದೆ. ಕುರಿ ಕಾಯುವವರು ಅದನ್ನೇ ತಲೆಯ ಮೇಲಿಂದ ಕೊಪ್ಪೆ ಮಾಡಿ ಹೊದ್ದು ದಿನವಿಡೀ ಮಳೆಯಲ್ಲಿ ನಿಲ್ಲುತ್ತಾರೆ.

"ಡೇರಿಗೂ ಹಂಗ ಹಚ್ಚು," ಅಂದರು. "ಅಂಗಡಿಯಾಗ ಕುಂತೋರಿಗೆ ಮಳಿ ಏನು ಗೊತ್ತು?"

ನಾನು ಯೋಚಿಸಿದೆ. ಸಾಹೇಬರ ಮಾತು ನಿಜ, ಅದನ್ನು ಕಣ್ಣಾರೆ ಕಂಡಿದ್ದೇನೆ. ಅತ್ತೆಯ ಮಾತೂ ನಿಜ, ತಲೆಮಾರುಗಳ ಕುರಿಗಾರರು ಸಾಕ್ಷಿ. ಎರಡೂ ಕೂಡಿದರೆ ಇನ್ನೂ ಗಟ್ಟಿ ಅಲ್ಲವೇ? ಗಂಡನನ್ನು ಕೇಳಿದರೆ "ಅವ್ವ ಹೇಳ್ಯಾಳಂದ ಮ್ಯಾಲ ಹಚ್ಚಿಬಿಡು" ಎಂದು ಕೈ ತೊಳೆದುಕೊಂಡ. ಕೊಪ್ಪರಿಗೆಯಲ್ಲಿ ಗಂಜಿ ಕುದಿಸಿ ಇಡೀ ಡೇರೆಗೆ ಬಳಿದೆವು. ಒಣಗಿದಾಗ ಬಡಿದರೆ ಹಲಗೆಯಂತೆ ಸದ್ದು ಮಾಡುತ್ತಿತ್ತು. ನನಗೆ ಹಿಗ್ಗೋ ಹಿಗ್ಗು.

ಮೊದಲು ಬಂದದ್ದು ಮಳೆಯಲ್ಲ, ಮೇಕೆಗಳು. ದಾರಿಯಲ್ಲಿ ಹೋಗುತ್ತಿದ್ದ ಹಿಂಡು ನಮ್ಮ ಡೇರೆಯನ್ನು ಹಬ್ಬದೂಟವೆಂದು ತಿಳಿದು ನೆಕ್ಕತೊಡಗಿತು. ಆಮೇಲೆ ಮಳೆ ಬಂತು. ಗಂಜಿ ಕರಗಿ ಲೋಳೆಯಾಗಿ ಒಳಗೆ ಇಳಿಯಿತು. ಹಾಸಿಗೆ, ಅಕ್ಕಿ ಡಬ್ಬಿ, ಗಂಡನ ತಲೆ, ಎಲ್ಲಕ್ಕೂ ಅಂಟು. ವಾರ ಕಳೆಯುವುದರಲ್ಲಿ ಹಸಿರು ಬೂಷ್ಟು ಎದ್ದು, ಹುಳಿ ನಾತ ಹೊಡೆಯಿತು. ನನಗೆ ಅಳು ಬಂತು. ಉತ್ತರಿ ಮಳೆಗೆ ಬಹಳ ದಿನ ಉಳಿದಿರಲಿಲ್ಲ.

ಅತ್ತು ಮುಗಿದ ಮೇಲೆ "ಯಾಕೆ" ಮತ್ತೆ ಶುರುವಾಯಿತು. ಉಣ್ಣೆಗೆ ಆಗಿಬಂದದ್ದು ಹತ್ತಿಗೆ ಯಾಕೆ ಆಗಲಿಲ್ಲ? ಹತ್ತಿಯ ನೂಲು ಉಬ್ಬಬೇಕಲ್ಲ. ಗಂಜಿ ಅದನ್ನು ಬಿಗಿ ಹಿಡಿದು ಉಬ್ಬಲು ಬಿಡಲಿಲ್ಲವೇನೋ. ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಸರ್ವೆಯ ಆಳುಗಳು ಡೇರೆಯನ್ನು ಹಳ್ಳಕ್ಕೆ ಹೊತ್ತು ತಂದರು. ಗೋಣಿಚೀಲದ ತುಂಡಿನಿಂದ, ಸಾಬೂನಿಲ್ಲದೆ, ಬರೀ ನೀರಲ್ಲಿ ತಿಕ್ಕಿದೆ. ಖಡಕ್ ಬಿಸಿಲಿಗೆ ಒಣಗಿಸಿದೆ. ಮತ್ತೆ ತೋಯಿಸಿ ಮತ್ತೆ ಒಣಗಿಸಿದೆ. ಹೊಲಿಗೆಗಳ ಮೇಲೆ ಮೇಣದಬತ್ತಿ ಉಜ್ಜಿದೆ. ಕಪ್ಪು ಎರಿ ಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲವೆಂದು ಕೆಂಪು ಮಸಾರಿ ದಿಬ್ಬದ ಮೇಲೆ ಡೇರೆ ಎಬ್ಬಿಸಿ, ಸುತ್ತ ನೀರು ಹರಿಯಲು ತೋಡು ತೋಡಿದೆವು.

ಅತ್ತೆ ಹೇಳಿದಂತೆಯೇ ಬಂದರು. ಬಸ್ಸಿಳಿದು ಮಧ್ಯಾಹ್ನದ ಮೋಡದ ಕೆಳಗೆ ಕಂಬಳಿ ಹೊದ್ದು ನಡೆದು ಬಂದು, ನೀರು ಕುಡಿಯುವ ಮೊದಲೇ ಹಾಸಿಗೆಯ ಮೇಲೆ ಅಂಗೈ ಆಡಿಸಿದರು. ದಿಂಬು ಎತ್ತಿ ಮೂಸಿದರು. ಅಷ್ಟರಲ್ಲಿ ಮಳೆ ಶುರುವಾಯಿತು. ಹಗ್ಗ ನೆನೆದರೆ ಬಿಗಿದು ಗೂಟ ಕೀಳುತ್ತದೆಂದು ಗಂಡ ಓಡಿಹೋಗಿ ಹಗ್ಗ ಸಡಿಲಿಸಿ ಬಂದ. ಮೂವರೂ ಮೇಲೆ ನೋಡುತ್ತ ಕೂತೆವು. ಮಳೆ ಜೋರಾಯಿತು, ಇನ್ನೂ ಜೋರಾಯಿತು. ಒಂದು ಹನಿಯೂ ಇಳಿಯಲಿಲ್ಲ.

"ನೋಡಿದೇನು ನಮ್ಮ ಗಂಜಿ ಕಿಮ್ಮತ್ತು!" ಅತ್ತೆಯ ಮುಖ ಅರಳಿತು.

ಗಂಡ ನನಗೆ ಸುಮ್ಮನಿರೆಂದು ಕಣ್ಣು ಮಾಡಿದ. ಸುಮ್ಮನಿದ್ದರೆ ಗೆದ್ದೆ. ಆದರೆ ನನ್ನ ಬಾಯಿ ಎಂದೂ ನನ್ನ ಮಾತು ಕೇಳಿದ್ದಲ್ಲ. ಅಷ್ಟು ದಿನ ಹಳ್ಳದಲ್ಲಿ ನಿಂತು ತಿಕ್ಕಿದ ಕೈ ಕೂಡ ಒಪ್ಪಲಿಲ್ಲ.

"ಅತ್ತಿ, ಆ ಗಂಜಿ ತೊಳದು ತಗದೀನ್ರಿ. ಅದು ಕರಗಿ ಮೈಮ್ಯಾಲ ಬಿತ್ತು."

ಗಂಡ ತಲೆ ತಗ್ಗಿಸಿದ. ಹೋಯಿತು, ನಾಳೆ ಗಂಟು ಕಟ್ಟಬೇಕು ಎಂದುಕೊಂಡೆ. ಅತ್ತೆ ಮಾತ್ರ ಕತ್ತು ಎತ್ತಿ ಬಟ್ಟೆಯನ್ನೇ ನೋಡುತ್ತಿದ್ದರು.

"ಹಂಗಾರ ನೀರು ಯಾಕ ಇಳಿಯಾಕತ್ತಿಲ್ಲ?"

ನೂಲು ಉಬ್ಬುವ ಕಥೆ ಹೇಳಿದೆ. ಒಳಗಿಂದ ಮುಟ್ಟಬಾರದು ಎಂಬುದನ್ನೂ ಹೇಳಿದೆ. ಹೇಳಿ ಮುಗಿಸುವ ಮೊದಲೇ ಅತ್ತೆ ಎದ್ದು ತೋರುಬೆರಳನ್ನು ಬಟ್ಟೆಗೆ ಒತ್ತಿದ್ದರು. ಬೆರಳು ತೆಗೆದಲ್ಲಿ ಒಂದು ಹನಿ ಕೂಡಿಕೊಂಡಿತು, ತೂಗಿತು, ನೇರ ಹಾಸಿಗೆಯ ನಡುಮಧ್ಯ ಬಿತ್ತು. ಇನ್ನೊಂದು ಬಿತ್ತು.

ನಾನು ಗಾಬರಿಯಿಂದ ಆ ಜಾಗದಿಂದ ಅಂಚಿನವರೆಗೆ ಬಟ್ಟೆಯ ಮೇಲೆ ಬೆರಳೆಳೆದೆ. ಹನಿ ಬೀಳುವುದು ನಿಂತು, ನೀರು ಆ ಗೆರೆ ಹಿಡಿದು ಇಳಿದು ಹೋಯಿತು. ಅತ್ತೆ ಬಾಯಿ ತೆರೆದು ನೋಡಿದರು. ಆಮೇಲೆ ಪಕ್ಕದಲ್ಲಿ ಬೇಕೆಂದೇ ಇನ್ನೊಂದು ಕಡೆ ಮುಟ್ಟಿ, ತಾವೇ ಒಂದು ಗೆರೆ ಎಳೆದರು.

ಮಳೆ ನಿಂತ ಮೇಲೆ ಗಂಡ ಮೆಲ್ಲಗೆ ಕೇಳಿದ: "ಹಾಸಿಗಿ ಹಸಿ ಆತಲ್ಲವ್ವಾ. ಈಕಿನ್ನ ಕರಕೊಂಡು ಹೋಗ್ತಿಯೇನು?"

ಅತ್ತೆ ಹೆಗಲ ಮೇಲಿನ ಕಂಬಳಿ ತೆಗೆದು ಹಾಸಿಗೆಯ ಮೇಲೆ ಹರವಿದರು. ಒದ್ದೆಯಾದ ಜಾಗ ಮುಚ್ಚಿಹೋಯಿತು.

"ಇದು ಇಲ್ಲೇ ಇರ್ಲಿ," ಅಂದರು ನನ್ನ ಕಡೆ ತಿರುಗಿ. "ಇದರ ಗಂಜಿನಾರ ತೊಳೀಬ್ಯಾಡ, ನನ್ನವ್ವಾ."