ಮಾತ್ರೆಯ ಕೆಮ್ಮು

ಗಂಟಲಲ್ಲಿ ಹುಲ್ಲುಕಡ್ಡಿ ಸಿಕ್ಕಿಕೊಂಡ ಹಾಗಾಗುತ್ತಿದೆ ಎಂದರು ನಮ್ಮ ಯಜಮಾನರು. ಶುರುವಾದದ್ದು ಹಾಗೆ.

ಕುರಿ ಕಾಯುವವರಿಗೆ ದೂಳು ಹೊಸದಲ್ಲ. ಬಿಸಿನೀರು ಕೊಟ್ಟೆ. ಮಾರನೆಯ ದಿನವೂ ಕೆಮ್ಮಿದರು. ಕಫವಿಲ್ಲ, ಜ್ವರವಿಲ್ಲ. ಬರೀ ಒಣ ಕೆಮ್ಮು. ಒಂದು ಕೂಗಿಗೆ ಇಡೀ ಹಿಂಡನ್ನು ತಿರುಗಿಸುತ್ತಿದ್ದ ಗಂಟಲು ಅರ್ಧ ಕೂಗಿಗೇ ಕಟ್ಟಿಕೊಳ್ಳುತ್ತಿತ್ತು.

ಅದಕ್ಕೆ ಸ್ವಲ್ಪ ಮುಂಚೆ ಶಿರಾದ ಆಸ್ಪತ್ರೆಯಲ್ಲಿ ಎದೆಯ ಎಕೋ ಸ್ಕ್ಯಾನ್ ಮಾಡಿ, ಹಾರ್ಟ್ ವೀಕ್ ಆಗಿದೆ ಎಂದು ಮಾತ್ರೆಗಳನ್ನು ಕೊಟ್ಟಿದ್ದರು. ಎರಡನ್ನೂ ಜೋಡಿಸಿ ನೋಡುವುದು ನನಗೆ ಹೊಳೆಯಲಿಲ್ಲ. ಎದೆಯ ಮಾತ್ರೆ ಗಂಟಲಿಗೆ ಏನು ಮಾಡೀತು?

ಪಕ್ಕದ ಮನೆಯಾಕೆ ಕೇಳಿದಳು: "ಟಿಬಿ ಏನಾದ್ರೂ ಬಂದೈತೇನಕ್ಕ?"

ಆ ಮಾತು ಯಜಮಾನರ ಕಿವಿಗೂ ಬಿತ್ತು. ಅಂದಿನಿಂದ ಅವರು ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ.

ಯಾರೂ ಹೇಳಿರಲಿಲ್ಲ. ತಾವೇ ತಟ್ಟೆ, ಲೋಟ ಬೇರೆ ಇಟ್ಟುಕೊಂಡು, ಕುರಿ ರೊಪ್ಪದ ಪಕ್ಕ ಒಬ್ಬರೇ ಕುಳಿತು ಉಣ್ಣತೊಡಗಿದರು. ಮಗು "ತಾತ" ಎಂದು ಓಡಿಬಂದರೆ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು. ನೋಡಲಾಗದೆ ನಾನು ಒಳಗೆ ಹೋಗುತ್ತಿದ್ದೆ.

ಕೆಲವು ವಾರಗಳಲ್ಲಿ ಕೆಮ್ಮು ತಾನಾಗಿ ಇಳಿಯಿತು. ಪಟ್ಟನಾಯಕನಹಳ್ಳಿಯ ಮಠಕ್ಕೆ ಹೋಗಿ ಕೈಮುಗಿದು ಬಂದೆ. ಆದರೆ ಅಷ್ಟರಲ್ಲೇ ಅವರ ಪಾದಗಳು ಊದಿದವು. ಮಲಗಿದರೆ ಉಸಿರು ಸಿಗದೆ, ಗೋಡೆಗೆ ಒರಗಿ ಕೂರತೊಡಗಿದರು.

ಮತ್ತೆ ಶಿರಾಕ್ಕೆ ಕರೆದೊಯ್ದೆ. ಡಾಕ್ಟರಮ್ಮ ಕಾಲು ಒತ್ತಿದರು. ಬೆರಳಿನ ಗುಳಿ ಹಾಗೇ ಉಳಿಯಿತು.

"ಮಾತ್ರೆ ತಗೋತಿದ್ದೀರಾ?"

ಅವರು ನೆಲ ನೋಡಿದರು. "ಬುಟ್ಬುಟ್ಟೆ ಕಣಮ್ಮ. ಅವು ನುಂಗಾಕೆ ಹತ್ತಿದ್ಮೇಲೇ ಕೆಮ್ಮು ಬಂದಿದ್ದು ಅನ್ನುಸ್ತು. ಎಲ್ಲಾನೂ ಬುಟ್ಟೆ."

ನಾನು ದಂಗಾದೆ.

ಡಾಕ್ಟರಮ್ಮ ಗದರಲಿಲ್ಲ. "ನಿಮ್ಮ ಅನುಮಾನ ಸರಿ. ಅದರಲ್ಲಿ ಒಂದು ಮಾತ್ರೆ ಹಾರ್ಟಿಗೆ ತುಂಬಾ ಒಳ್ಳೇದು, ಆದ್ರೆ ಕೆಲವರಿಗೆ ಒಣ ಕೆಮ್ಮು ತರುತ್ತೆ. ಬದಲಿ ಮಾತ್ರೆ ಇತ್ತು, ಕೊಡ್ತಿದ್ದೆ. ಕೇಳದೆ ಎಲ್ಲಾ ನಿಲ್ಲಿಸಿದ್ದಕ್ಕೆ ಈಗ ಮೈಯಲ್ಲಿ ನೀರು ತುಂಬಿದೆ."

ಅಡ್ಮಿಟ್ ಮಾಡಿಕೊಂಡರು. ನೀರಿಳಿಯಲು ಇಂಜೆಕ್ಷನ್ ಕೊಟ್ಟರು. ಎಕ್ಸ್-ರೇ ನೋಡಿ, ಟಿಬಿಯ ಲಕ್ಷಣ ಇಲ್ಲ ಎಂದರು.

"ಅಂಗಾರೆ ಮಗೀನ ಎತ್ಕಬೋದಾ?" ಎಂದು ಇವರು ಕೇಳಿದರು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನೇ ಎಲ್ಲವನ್ನೂ ಹೇಳಬೇಕಾಯಿತು, ಹೇಳುತ್ತ ಅತ್ತುಬಿಟ್ಟೆ.

ಈಗ ಬದಲಿ ಮಾತ್ರೆ ನಡೆಯುತ್ತಿದೆ. ಕೆಮ್ಮಿಲ್ಲ. ಉಸಿರು ಸಲೀಸಾಗಿದೆ, ಆದರೆ ಗುಡ್ಡ ಹತ್ತುವಷ್ಟಿಲ್ಲ. ಕುರಿಯ ಹಿಂದೆ ಮಗ ಹೋಗುತ್ತಾನೆ. ಕಾಯಿಲೆ ಹೋಗಿಲ್ಲ, ಹಿಡಿತದಲ್ಲಿದೆ ಎಂಬುದನ್ನು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಮೊನ್ನೆ ಬೆಳಿಗ್ಗೆ ಎದ್ದು ನಿಂತವರಿಗೆ ತಲೆ ತಿರುಗಿತು. ಮಾತ್ರೆ ಬಿಟ್ಟದ್ದನ್ನೂ ಬಾಯಿಬಿಟ್ಟು ಹೇಳದಿದ್ದ ಮನುಷ್ಯ, ಮಂಚದ ಅಂಚಿನಲ್ಲಿ ಕೂತು ನನ್ನನ್ನು ಕರೆದರು.

"ಲೇ, ಹೊಸ ಮಾತ್ರೇದೋ ಏನೋ, ಕಣ್ಣಿಗೆ ಕತ್ಲೆ ಬತ್ತೈತೆ. ನುಂಗದು ಬುಡಾಕಿಲ್ಲ ನಾನು. ನಡಿ, ಕೇಳ್ಕಂಡು ಬರಾನ."

ಸೀರೆ ಬದಲಾಯಿಸಿ ಅವರ ಜೊತೆ ಬಸ್ಸಿಗೆ ಹೊರಟೆ. ಭಯವಿತ್ತು. ಆದರೂ, ಕರೆದರಲ್ಲ ಎಂದು ಮನಸ್ಸು ಹಗುರಾಗಿತ್ತು.