ಬಾಣಂತಿ ಕೋಣೆಯ ಜೋಳ

ಹೋದ ಸೋಮವಾರ ಸಿಂದಗಿಯಲ್ಲಿ ಆಲಮೇಲದ ಬಸ್ ಹತ್ತಿ ಕೂತಿದ್ದೆ. ಸೀಟಿನ ಕೆಳಗಿದ್ದ ಚೀಲದಿಂದ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬಂತು. ಕಿಟಕಿ ತೆರೆದೆ, ಎದ್ದು ನಿಂತೆ, ಚೀಲ ಯಾರದೆಂದು ಕೇಳಿದೆ. ಬಿಚ್ಚಿ ತೋರಿಸಿದರು, ಬರೀ ಬೆಳ್ಳುಳ್ಳಿ. ಆದರೂ ಇಳಿಯುವವರೆಗೆ ಕೂರಲಾಗಲಿಲ್ಲ...

ಆ ವಾಸನೆಗೆ ಹೆದರುವುದನ್ನು ಕಲಿಸಿದವರು ಯಂಕಂಚಿಯಲ್ಲಿ ನಮ್ಮ ಓಣಿಯ ಗೊಬ್ಬರದ ಅಂಗಡಿ ಕಾಕಾ. ಜೋಳಕ್ಕೆ ಹುಳ ಹತ್ತದಂತೆ ಚೀಲಗಳ ನಡುವೆ ಇಡುವ, ಕೊಳೆತ ಬೆಳ್ಳುಳ್ಳಿಯಂತೆ ನಾರುವ ವಿಷಗಾಳಿ ಬಿಡುವ ಗುಳಿಗೆಯನ್ನು ಅವರೇ ಮಾರುತ್ತಿದ್ದರು. ಮಾರಿ ಸುಮ್ಮನಿರುತ್ತಿರಲಿಲ್ಲ. ಒಯ್ದವರ ಮನೆಮನೆಗೆ ಸಂಜೆ ಹೋಗಿ, ಚೀಲ ಎಲ್ಲಿದೆ, ಅಲ್ಲಿ ಯಾರು ಮಲಗುತ್ತಾರೆ, ಯಾರಿಗಾದರೂ ತಲೆನೋವು, ವಾಂತಿ ಆಗಿದೆಯೇ ಎಂದು ವಿಚಾರಿಸುತ್ತಿದ್ದರು.

"ಕಾಕಾ, ಗುಳಿಗಿ ಕೊಟ್ಟು ಹಿಂದ ಜಪ್ತಿಗೆ ಬಂದಂಗ ಬರ್ತೀರಲ್ರಿ!" ಎಂದು ಜನ ನಗುತ್ತಿದ್ದರು.

"ಹುಳದ ಜೋಡಿ ನೀವೂ ಹೋದ್ರ, ಬರೋ ವರ್ಷ ಗಿರಾಕಿ ಎಲ್ಲಿಂದ ತರ್ಲಿ?"

ನಾನು ಪಿಯುಸಿ ಓದುವಾಗ ಅಕ್ಕ ಬಾಣಂತನಕ್ಕೆ ಬಂದಳು. ಗಾಳಿ ಸೋಕಬಾರದೆಂದು ನಮ್ಮ ಅಜ್ಜಿ, ಆಯಿ, ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಬೆಚ್ಚಗಿನ ಒಣ ಜಾಗವೆಂದು ಹೊಸ ಜೋಳದ ಚೀಲಗಳನ್ನೂ ಗುಳಿಗೆ ಹಾಕಿ ಅಲ್ಲೇ ಒಟ್ಟಿದ್ದೆವು. ಮರುದಿನ ಅಕ್ಕನಿಗೆ ತಲೆ ಸುತ್ತು, ವಾಂತಿ. ಪಿತ್ತ ಎಂದಳು ಆಯಿ.

ಸಂಜೆ ಕಾಕಾ ಬಂದರು. ಪಡಸಾಲೆಗೆ ಕಾಲಿಟ್ಟೊಡನೆ ಮೂಗಿಗೆ ಆ ವಾಸನೆ ಬಡಿದು ಅವರ ಮುಖ ಬದಲಾಯಿತು.

"ಯವ್ವಾ, ಚೀಲ ಎಲ್ಲಿ ಅದಾವ?"

"ಬಾಣಂತಿ ಕ್ವಾಣ್ಯಾಗ. ಗಂಡಸರು ಒಳಗ ಬರಂಗಿಲ್ಲ." ಆಯಿ ಬಾಗಿಲಿಗೆ ಅಡ್ಡ ನಿಂತಳು.

"ನಾ ಬರಂಗಿಲ್ರಿ. ಕೂಸಿನ್ನ ಮೊದ್ಲ ಹೊರಗ ತರ್ರಿ."

"ಹಸಿ ಬಾಣಂತಿ ಅದಾಳ. ಹೊರಗಿನ ಗಾಳಿ ಬಡದ್ರ?"

"ಒಳಗಿನ ಗಾಳಿ ಬಡಿಯಾಕತ್ತೈತಿ!"

ಕಾಕಾ ಹಿತ್ತಲಿಗೆ ಓಡಿ ಕಿಟಕಿಯ ಗೋಣಿಚೀಲವನ್ನು ಹೊರಗಿನಿಂದ ಜಗ್ಗಿ ಕಿತ್ತರು. ಒಳಗೆ ಕಣ್ಣು ಬೀಳದಂತೆ ಮುಖ ತಿರುಗಿಸಿಕೊಂಡೇ ಕಿತ್ತರು. ಆಗ ಅವ್ವ ಆಯಿಯನ್ನು ಸರಿಸಿ ಒಳಹೊಕ್ಕು ಕೂಸನ್ನು ಎತ್ತಿಕೊಂಡು ಬಂದಳು. ಅಕ್ಕನನ್ನು ನಾನು ನಡೆಸಿಕೊಂಡು ಬಂದೆ. ಸಿಂದಗಿಯ ದವಾಖಾನೆಯಲ್ಲಿ ಡಾಕ್ಟರು, ಇನ್ನೊಂದು ರಾತ್ರಿ ಅಲ್ಲೇ ಮಲಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು.

ಹೋದ ವರ್ಷ ಕಾಕಾ ತೀರಿಕೊಂಡರು. ಬಹಳ ದಿನದಿಂದ ಕೆಮ್ಮುತ್ತಿದ್ದರು. ಮಧ್ಯಾಹ್ನದ ಊಟ, ನಿದ್ದೆ ಎಲ್ಲ ಅಂಗಡಿಯ ವಿಷದ ಡಬ್ಬಿಗಳ ನಡುವೆಯೇ. ವಿಜಯಪುರದ ದವಾಖಾನೆಯಲ್ಲಿ, ಏನೇನು ಮುಟ್ಟುತ್ತಿದ್ದರು, ಎಷ್ಟು ವರ್ಷದಿಂದ ಎಂದು ಕೇಳಿದಾಗ ಅವರ ಹೆಂಡತಿ ಕಾಕು, "ಅಂಗಡ್ಯಾಗ ಕುಂದರತಿದ್ರು, ಅಷ್ಟ ಗೊತ್ರಿ" ಎಂದರಂತೆ.

ಬೆಳೆಗೆ ಔಷಧಿ ಹೊಡೆಯುವ ಹಂಗಾಮಿನಲ್ಲಿ ಊರಿನಲ್ಲಿ ಯಾರಿಗೆ ಏನಾಯಿತು, ಯಾವ ತಾರೀಕು, ಏನು ಕಾರಣ ಎಂದು ನನ್ನ ದಿನಚರಿಯಲ್ಲಿ ಗೀಟು ಹಾಕಿ ಬರೆದಿಡುತ್ತೇನೆ. ಕಾಕಾನ ಹೆಸರಿನ ಮುಂದೆ ತಾರೀಕಿದೆ. ಕಾರಣದ ಜಾಗದಲ್ಲಿ ಪೆನ್ನು ಇಡುತ್ತೇನೆ, ತೆಗೆಯುತ್ತೇನೆ.

ಅಂದಿನ ಆ ಕೂಸು, ಅಕ್ಕನ ಮಗಳು, ಈಗ ಸಾಲೆಗೆ ಹೋಗುತ್ತಾಳೆ. ನಿನ್ನೆ ಬಂದು ಪುಟದ ಮೇಲೆ ಬೆರಳಿಟ್ಟಳು.

"ಇಲ್ಲಿ ಯಾಕ ಏನೂ ಬರದಿಲ್ಲ?"

"ಗೊತ್ತಿಲ್ಲವ್ವ."

"ಇದ್ದಾಗ ಕೇಳಬೇಕಿತ್ತಲ್ಲ ಅವರ್ನ?" ಎಂದಳು.