ಮಂಗಳವಾರ ಕಿತ್ತ ಮೂಗಿನ ಕೂದಲು

ವಯಸ್ಸಾದಂತೆ ತಲೆಯ ಮೇಲಿನ ಕೂದಲು ಅಲ್ಲಿಂದ ವರ್ಗಾವಣೆ ಪಡೆದು ಮೂಗಿನೊಳಗೆ ಅಧಿಕಾರ ವಹಿಸಿಕೊಳ್ಳುತ್ತದೆ ಎಂಬ ಸತ್ಯ ನನಗೆ ಗೋಚರಿಸಿದ್ದು ಮದ್ದೂರಿನ ನಮ್ಮ ಮನೆಯ ಬಚ್ಚಲಿನ ಕನ್ನಡಿಯಲ್ಲಿ. ನೀವೂ ಅರವತ್ತರ ಆಸುಪಾಸಿನವರಾದರೆ ತಲೆಯಾಡಿಸುತ್ತೀರಿ, ಚಿಕ್ಕವರಾದರೆ ನಗುತ್ತೀರಿ. ನಗಿ, ನಿಮ್ಮ ಸರದಿಯೂ ಬರುತ್ತದೆ. ಎಣ್ಣೆ, ಬಾಚಣಿಗೆ, ಉಪಚಾರಗಳನ್ನೆಲ್ಲ ಉಂಡ ಕೂದಲು ಹೇಳದೆ ಕೇಳದೆ ಹೊರಟುಹೋಯಿತು. ಯಾರೂ ಕರೆಯದೆ ಹುಟ್ಟಿದ ಕೂದಲು ಮೂಗಿನ ಹೊಳ್ಳೆಯಿಂದ ಇಣುಕಿ ಬೀದಿ ನೋಡತೊಡಗಿತು. ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಸುಸ್ತಾಗಿ ನಿವೃತ್ತನಾದ ನನಗೆ ಈಗ ಯಾವುದರ ಮೇಲೂ ಹೆಚ್ಚಿನ ಹಟವಿಲ್ಲ. ಇರಲಿ ಬಿಡು ಎಂದುಕೊಂಡಿದ್ದೆ.

ಹಾಗೆ ಬಿಡದವಳು ನನ್ನ ಹೆಂಡತಿ ಜಯಮ್ಮ. ಆ ಮಂಗಳವಾರ ಬೆಳಿಗ್ಗೆ ಕಾಫಿ ಕೊಡಲು ಬಂದವಳು ಲೋಟವನ್ನು ಕೈಯಲ್ಲೇ ಹಿಡಿದು ನನ್ನ ಮುಖವನ್ನು ದಿಟ್ಟಿಸಿದಳು. ಮಾರನೆಯ ಬೆಳಿಗ್ಗೆ ನಮ್ಮ ಮಗಳು ಸವಿತಾಳನ್ನು ನೋಡಲು ಮಳವಳ್ಳಿ ಕಡೆಯಿಂದ ಗಂಡಿನವರು ಬರುವವರಿದ್ದರು. ಸವಿತಾ ಭಾರತೀನಗರದಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಾಳೆ. ಆದರೆ ತನ್ನನ್ನು ನೋಡಿಹೋದವರ ಲೆಕ್ಕ ಇಡುವುದನ್ನು ಅವಳೂ ಬಿಟ್ಟಿದ್ದಾಳೆ. ಒಬ್ಬರಿಗೆ ಬಣ್ಣ ಸಾಲದು, ಇನ್ನೊಬ್ಬರಿಗೆ ಎತ್ತರ ಜಾಸ್ತಿ, ಮತ್ತೊಬ್ಬರಿಗೆ ಕಾರಣ ಹೇಳುವ ಪುರಸೊತ್ತೂ ಇಲ್ಲ. ಪ್ರತಿಸಲವೂ ಅದೇ ಹಸಿರು ಸೀರೆ, ಅದೇ ಕೇಸರಿಬಾತು. ಇದೊಂದು ಸಲ ಕೂರುತ್ತೇನೆ, ಇನ್ನು ಆಗುವುದಿಲ್ಲ ಎಂದು ತಾಯಿಗೆ ಮೊದಲೇ ಹೇಳಿದ್ದಳು. ಆದ್ದರಿಂದ ಈ ಸಂಬಂಧ ಕೂಡಿಬರಲೇಬೇಕೆಂದು ಜಯಮ್ಮ ಕಂಡ ದೇವರಿಗೆಲ್ಲ ಕೈಮುಗಿದಿದ್ದಳು.

"ನಾಳೆ ಅಷ್ಟ್ ಜನದ ಮುಂದೆ ಕೂತ್ಕೋಬೇಕು, ಆ ಮೂಗ ಒಸಿ ನೋಡ್ಕಳ್ರೀ" ಎಂದಳು. ಮರುಕ್ಷಣವೇ ವಾರ ನೆನಪಾಗಿ, "ಮಂಗ್ಳಾರ ಕತ್ರಿ ಗಿತ್ರಿ ಮುಟ್ಬುಟ್ಟೀರ ಮತ್ತೆ! ಮಗಳ ಕಾರ್ಯ ಅದೆ" ಎಂದು ಎಚ್ಚರಿಸಿದಳು.

ನಮ್ಮ ಕಡೆ ಮಂಗಳವಾರ ಕ್ಷೌರದಂಗಡಿಗಳಿಗೆ ಬೀಗ. ಮನೆಯಲ್ಲೂ ಉಗುರು, ಕೂದಲು ಯಾವುದಕ್ಕೂ ಕತ್ತರಿ ತಾಗಿಸುವಂತಿಲ್ಲ. ಬುಧವಾರ ಅಂಗಡಿ ತೆರೆಯುವ ಮೊದಲೇ ಗಂಡಿನವರು ಬಂದು ಕೂತಿರುತ್ತಾರೆ. ಈ ಧರ್ಮಸಂಕಟದಲ್ಲಿ ನನ್ನ ಪಾಂಡಿತ್ಯ ಜಾಗೃತವಾಯಿತು. ನಿಷೇಧವಿರುವುದು ಕತ್ತರಿಸುವುದಕ್ಕೆ, ಕೀಳುವುದಕ್ಕೆ ಯಾರೂ ಅಡ್ಡಿ ಹೇಳಿಲ್ಲವಲ್ಲ! ಸವಿತಾ ಹುಬ್ಬು ತಿದ್ದಿಕೊಳ್ಳುವ ಚಿಮುಟ ಹಿಡಿದು ಬಚ್ಚಲಿನ ಬಾಗಿಲು ಹಾಕಿಕೊಂಡೆ. ಒಂದೊಂದು ಕೂದಲು ಕಿತ್ತಾಗಲೂ ಕಣ್ಣಲ್ಲಿ ನೀರು, ಬೆನ್ನಿಗೇ ಸೀನು. ಕೆಂಪು ಕಣ್ಣಿನಿಂದ ಹೊರಬಂದ ನನ್ನನ್ನು ಕಂಡು, ಮಗಳು ಮನೆ ಬಿಟ್ಟು ಹೋಗುವುದನ್ನು ನೆನೆದು ಅತ್ತಿದ್ದೇನೆಂದುಕೊಂಡ ಜಯಮ್ಮ, ಕೇಳದೆಯೇ ಇನ್ನೊಂದು ಲೋಟ ಕಾಫಿ ಕೊಟ್ಟಳು. ಬಹಳ ದಿನಗಳ ಮೇಲೆ ಸಿಕ್ಕ ಅನುಕಂಪ. ನಾನು ತಿದ್ದಲು ಹೋಗಲಿಲ್ಲ.

ಬುಧವಾರ ಬೆಳಗಾಗುವಷ್ಟರಲ್ಲಿ ಮೂಗು ಊದಿ, ಹಣ್ಣಾದ ಟೊಮೇಟೊದಂತೆ ಮುಖದ ನಡುವೆ ಕೂತಿತ್ತು. ಬಂದವರು ಚಾಪೆಯ ಮೇಲೆ ಸರಿಯಾಗಿ ಕೂರುವ ಮೊದಲೇ ಹುಡುಗನ ದೊಡ್ಡಪ್ಪ, "ಅಲ್ಲಾ ಮೇಷ್ಟ್ರೇ, ಮೂಗ್ಗೇನ್ ಮಾಡ್ಕಂಡ್ರಿ? ಜೇನ್ನೊಣ ಕಡೀತಾ?" ಎಂದರು. ಅಲ್ಲಿಂದ ಶುರು. ಒಬ್ಬಾಕೆ ಅರಿಶಿನ ಎಂದರು, ಇನ್ನೊಬ್ಬಾಕೆ ಸುಣ್ಣ ಎಂದರು, ಇಬ್ಬರಿಗೂ ವಾದ ಹತ್ತಿಕೊಂಡಿತು. ಹುಡುಗನ ತಾಯಿ ನನ್ನನ್ನು ಬೆಳಕಿನ ಕಡೆ ತಿರುಗಲು ಹೇಳಿ, ಆ ಪಕ್ಕ ಈ ಪಕ್ಕ ಪರೀಕ್ಷಿಸಿ ನಿಟ್ಟುಸಿರು ಬಿಟ್ಟರು. ಎದ್ದರೆ ನೋಡಿದರು, ಕೂತರೆ ನೋಡಿದರು, ಕಾಫಿ ಕುಡಿದರೆ ಹೇಗೆ ಕುಡಿಯುತ್ತೇನೆಂದು ನೋಡಿದರು. ಈ ಗದ್ದಲದಲ್ಲಿ ಸವಿತಾ ತಟ್ಟೆ ಹಿಡಿದು ಬಂದದ್ದು, ಇಟ್ಟದ್ದು, ಮೂಲೆಯಲ್ಲಿ ಕೂತು ಹುಡುಗನ ಜೊತೆ ಮಳವಳ್ಳಿ ಬಸ್ಸಿನ ಕಷ್ಟ ಮಾತಾಡಿ ನಕ್ಕದ್ದು, ಬಂದ ಹಿರಿಯರಾರ ಗಮನಕ್ಕೂ ಬರಲಿಲ್ಲ.

ಅವರು ಹೊರಟ ಮೇಲೆ ಗದ್ದೆ ಉತ್ತು ಬಂದವನಂತೆ ಮಂಚದ ಮೇಲೆ ಬಿದ್ದುಕೊಂಡೆ. ಲೋಟ ತೆಗೆಯಲು ಬಂದ ಸವಿತಾ ನನ್ನನ್ನು ನೋಡಿ ಮೆಲ್ಲಗೆ ನಕ್ಕಳು.

"ಇವತ್ತು ಯಾರೂ ನನ್ನ ನೋಡ್ಲೇ ಇಲ್ಲ ಕಣಪ್ಪ. ಎಷ್ಟ್ ಆರಾಮಾಗಿತ್ತು ಗೊತ್ತಾ?"

ನನಗೆ ನಗು ಬರಲಿಲ್ಲ. ಒಂದು ಬೆಳಗಿನ ನೋಟಕ್ಕೇ ನಾನು ಸೋತುಹೋಗಿದ್ದೆ; ಇವಳು ವರ್ಷಗಟ್ಟಲೆ ಹೀಗೆ ಕೂತಿದ್ದಾಳಲ್ಲ.

ಮರುದಿನ ಮಂಡ್ಯದ ಡಾಕ್ಟರರು ನನ್ನ ಶಾಸ್ತ್ರಾರ್ಥವನ್ನೆಲ್ಲ ಕೇಳಿ ಚೆನ್ನಾಗಿ ಬೈದರು. ಮೂಗಿನ ಕೂದಲು ಬಾಗಿಲಲ್ಲಿ ನಿಂತು ಧೂಳನ್ನು ತಡೆಯುತ್ತದಂತೆ. ಬುಡಸಮೇತ ಕಿತ್ತರೆ ಆ ಗಾಯದಲ್ಲಿ ಕೀವಾಗುತ್ತದಂತೆ. ಅದನ್ನು ಹಿಸುಕಿದರಂತೂ ಅಪರೂಪಕ್ಕೆ ನಂಜು ಮಿದುಳಿನವರೆಗೂ ಹೋಗಬಹುದಂತೆ. ಹೊರಗೆ ಇಣುಕಿದ್ದನ್ನಷ್ಟೇ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ, ಒಳಗಿನದರ ತಂಟೆಗೆ ಹೋಗಬೇಡಿ ಎಂದು ಮಾತ್ರೆ, ಮುಲಾಮು ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನ ಮುಂದೆ ಕಬ್ಬಿನ ಲಾರಿ, ಕಿಟಕಿಯಲ್ಲಿ ಆಲೆಮನೆಯ ಹೊಗೆ. ಬಾಗಿಲಲ್ಲಿ ನಿಂತು ತಡೆಯಬೇಕಾದವರು ಯಾರು ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಭಾನುವಾರ ಹುಡುಗನ ದೊಡ್ಡಪ್ಪನ ಫೋನು ಬಂತು. "ಮೇಷ್ಟ್ರೇ, ಅವತ್ತು ನಿಮ್ ಮೂಗಿನ್ ಗಲಾಟೇಲಿ ಎಣ್ಣುಡ್ಗೀನ ಸರ್ಯಾಗ್ ನೋಡಕ್ಕೇ ಆಗ್ನಿಲ್ಲ. ಇನ್ನೊಂದ್ಸಲ ಬತ್ತೀವಿ, ನಮ್ ಎಂಗಸ್ರೆಲ್ಲ ನೋಡ್ಬೇಕಂತೆ."

ಬಾಗಿಲ ಬಳಿ ನಿಂತು ಕೇಳಿಸಿಕೊಂಡ ಸವಿತಾ ಬೀರು ತೆರೆದು ಹಸಿರು ಸೀರೆಗೆ ಕೈಹಾಕಿದಳು. ಇನ್ನು ಆಗುವುದಿಲ್ಲ ಎಂದಿದ್ದವಳು ಅಷ್ಟು ಸುಲಭವಾಗಿ ಕೈಹಾಕಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನೋಡೋದು ಮುಗೀತು ಸ್ವಾಮಿ" ಎಂದೆ. "ನಿಮ್ಮ ಹುಡುಗನಿಗೆ ಇವಳ ಜೊತೆ ಮಾತಾಡೋ ಮನಸ್ಸಿದ್ರೆ ಅವನು ಬರಲಿ, ಕಾಫಿ ಕುಡಿದು ಮಾತಾಡ್ಲಿ. ನೋಡೋಕೆ ಅಂತ ಯಾರೂ ಬರೋದು ಬೇಡ."

ಆ ಕಡೆ ಫೋನು ಕಟ್ಟಾಯಿತು. ಜಯಮ್ಮ ಸಂಜೆಯ ಕಾಫಿಯನ್ನು ನನ್ನ ಮುಂದೆ ಕುಕ್ಕಿ ಹೋದಳು. ಹುಡುಗ ಇನ್ನೂ ಬಂದಿಲ್ಲ. ಬರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಸೀರೆ ಮಾತ್ರ ಬೀರುವಿನಲ್ಲೇ ಇದೆ.

ಇವತ್ತು ಮತ್ತೆ ಬುಧವಾರ. ಮೊಂಡು ಕತ್ತರಿ ಹಿಡಿದು ಅದೇ ಕನ್ನಡಿಯ ಮುಂದೆ ನಿಂತಿದ್ದೇನೆ. ಹೊರಗೆ ಇಣುಕಿದ್ದನ್ನು ಕತ್ತರಿಸಿ ಒಳಗಿನದನ್ನು ಅದರ ಪಾಡಿಗೆ ಬಿಟ್ಟೆ. ಹಿಂದಿನಿಂದ ಬಂದ ಜಯಮ್ಮ, "ಎಡಗಡೆ ಇನ್ನೂ ಒಂದು ಕಾಣ್ತದೆ ಕಣ್ರೀ" ಎಂದಳು.

"ಇರಲಿ ಬುಡೇ" ಎಂದೆ, "ನೋಡೋಕೆ ಯಾರೂ ಬರೋದಿಲ್ವಲ್ಲ."

ಬಸ್ಸಿಗೆ ಹೊರಟು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಸವಿತಾ ಜೋರಾಗಿ ನಕ್ಕದ್ದು ಬಚ್ಚಲಿನವರೆಗೂ ಕೇಳಿಸಿತು.